ಟಿಕಳಿ ಹಚ್ಚಿದ ಫ್ಲಾಪಿ

ಸಿಂದಗಿ, ಆಗಸ್ಟ್ 8, 1996

ಇವತ್ತು ನನ್ನ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಬಂತು. ಅದರ ಮೇಲೆ ನನ್ನ ನೆಗೆಣ್ಣಿ ಬಂದು ಕೂತಳು. ಮೈದುನ ಸಿದ್ದಾರೂಢನ ಹೆಂಡತಿ, ವಿಜಯಶ್ರೀ. ಚಡಚಣದವಳು. ಮದುವೆಯಾಗಿ ಮೂರು ತಿಂಗಳಾಗಿಲ್ಲ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಇನ್ನೂ ಹುಡುಕುತ್ತಾಳೆ, ಅಷ್ಟರಲ್ಲಿ ಪ್ರೆಸ್ಸಿಗೆ ಬಂದಾಯಿತು.

ಮಾವನವರೇ ಕರೆತಂದರು. "ಜಯಮಾಲಾ, ಈಕಿ ಸೊಲ್ಲಾಪುರದಾಗ ಆರು ತಿಂಗಳು ಕಂಪ್ಯೂಟರ್ ಕಲ್ತಾಳ. ನಿನಗೂ ಒಂದು ಕೈ ಆಸರ ಆಗತೈತಿ" ಎಂದರು. ನನಗೆ ಆಸರೆ ಬೇಕೆಂದು ನಾನು ಯಾರ ಮುಂದೆ ಅತ್ತಿದ್ದೆ?

ಎರಡು ವರ್ಷದಿಂದ ಮಾವ ಶಂಕರೆಪ್ಪನವರ ಈ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಟ್ಟುವವಳು ನಾನೊಬ್ಬಳೇ. ಮದುವೆ ಕಾರ್ಡು, ಜವಳ ಕಾರ್ಡು, ಸಂಘಗಳ ಕರಪತ್ರ, ಎಲ್ಲ ನನ್ನ ಬೆರಳಿನಿಂದಲೇ. ಏಪ್ರಿಲ್‌ನಿಂದ ತಾಲ್ಲೂಕಿನ ಫೋನ್ ಪುಸ್ತಕ ಟೈಪ್ ಮಾಡುತ್ತಿದ್ದೇನೆ. ಯಾರ ಮನೆಯಲ್ಲಿ ಫೋನ್ ಇದೆ, ಹೆಸರೇನು, ಅಡ್ಡಹೆಸರೇನು, ನಂಬರೇನು. ಅಡ್ಡಹೆಸರಿಲ್ಲದಿದ್ದರೆ ನಮ್ಮ ಕಡೆ ಯಾರೂ ಯಾರಿಗೂ ಸಿಗುವುದಿಲ್ಲ. ಕನ್ನೊಳ್ಳಿ ಒಂದರಲ್ಲೇ ಗಡಿಯಾರದ ಪರಪ್ಪ, ಗಿರಣಿ ಪರಪ್ಪ, ಸಿಟ್ಟಿನ ಪರಪ್ಪ ಎಂದು ಮೂವರಿದ್ದಾರೆ. ದಸರೆಗೆ ಪುಸ್ತಕ ಹೊರಗೆ ಬರುತ್ತದೆ ಎಂದು ಮಾವನವರು ಊರೆಲ್ಲ ಸಾರಿಯಾಗಿದೆ.

ಕಂಪ್ಯೂಟರಿನ ಒಳಗಿನ ಡಿಸ್ಕು ಹೋಗಿ ವರ್ಷವಾಯಿತು, ಹೊಸದು ಹಾಕಿಸಿಲ್ಲ. ಪುಸ್ತಕವೆಲ್ಲ ಮೂರು ಫ್ಲಾಪಿಗಳಲ್ಲಿದೆ. ಫ್ಲಾಪಿಗಳು ಡಬ್ಬಿಯಲ್ಲಿವೆ. ಡಬ್ಬಿಗೆ ಕೀಲಿ ಇದೆ. ಕೀಲಿ ನನ್ನ ಸೊಂಟದಲ್ಲಿದೆ, ಕರಿ ದಾರದಲ್ಲಿ. ಅತ್ತೆಯ ಸೊಂಟದಲ್ಲಿ ಕಣಜದ ಕೀಲಿ ಇದ್ದಂತೆ. ಅದು ಅಲ್ಲಿಯೇ ಇರುತ್ತದೆ.

ಆಗಸ್ಟ್ 13

ಆಕೆ ಕೆಲಸ ಮಾಡುವುದು ಕರಿ ಪರದೆಯ ಮೇಲೆ. ನಾನು ಕನ್ನಡ ಬರೆಯುವ ಪ್ರೋಗ್ರಾಂ ತೆರೆದು ಅದು ತೋರಿಸಿದ್ದನ್ನು ಒತ್ತುತ್ತೇನೆ. ಆಕೆ ಅದನ್ನು ತೆರೆಯುವುದೇ ಇಲ್ಲ. ಕತ್ತಲಂಥ ಪರದೆಯಲ್ಲಿ ಒಂದು ಗೆರೆ ಮಿಣುಕುತ್ತಿರುತ್ತದೆ, ಅದರ ಮುಂದೆ ಇಂಗ್ಲಿಷಿನಲ್ಲಿ ಏನೋ ಹೊಡೆಯುತ್ತಾಳೆ, ಕಂಪ್ಯೂಟರು ಹೇಳಿದ್ದು ಕೇಳುತ್ತದೆ. ಗುಂಡಿ ಒತ್ತುವ ಮೊದಲು ಒಂದು ಗಳಿಗೆ ಕೈ ಕಟ್ಟಿ ಕೂತು, ಹೊಡೆದದ್ದನ್ನು ತುಟಿ ಅಲ್ಲಾಡಿಸುತ್ತ ಓದುತ್ತಾಳೆ. "ಮೊದಲ ಓದು, ಆಮ್ಯಾಲ ಒತ್ತು" ಅಂತೆ. ಅದು ಆಕೆಯ ಸರ್ ಹೇಳಿದ ಮಾತಂತೆ. ಮಂತ್ರ ಹೇಳುವ ಐಗೋಳ ಹಾಗೆ ಕಾಣುತ್ತಾಳೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನೋಡೋಣ ಎಷ್ಟು ದಿನ.

ಮಧ್ಯಾಹ್ನ ಕೇಳಿದಳು, "ಅಕ್ಕಾರ, ಫೋನ್ ಪುಸ್ತಕದ್ದು ನಕಲು ಎಲ್ಲಿ ಇಟ್ಟೀರಿ?"

"ಯಾತರ ನಕಲು?"

"ಫ್ಲಾಪಿದು. ಇನ್ನೊಂದು ಜೋಡಿ ಇರಬೇಕಲ್ರಿ. ಒಂದ ಇದ್ರ ಕಳೀತೈತ್ರಿ."

ನಾಲ್ಕು ತಿಂಗಳು ಕಣ್ಣು ಕೆಂಪಾಗುವ ತನಕ ಹೊಡೆದವಳು ನಾನು. ಬಂದು ವಾರವಾಗಿಲ್ಲ, ಕಳೆಯುವ ಮಾತು ಆಡುತ್ತಾಳೆ. "ನನ್ನ ಕೈಯಾಗಿಂದು ಇವತ್ತಿನ ತನಕ ಒಂದೂ ಕಳದಿಲ್ಲವ್ವ" ಎಂದೆ. ಸುಮ್ಮನಾದಳು. ಸುಮ್ಮನಾದಾಗ ಇನ್ನೂ ಚೆಂದ ಕಾಣುತ್ತಾಳೆ, ಅದೊಂದು ಬೇರೆ.

ಆಗಸ್ಟ್ 27

ಮಾವನವರ ಕಿವಿಗೂ ಊದಿದ್ದಾಳೆ. ಇವತ್ತು ಅವರು ಎದುರಿಗೆ ನಿಂತು, "ನಕಲು ಮಾಡೋದು ಹೆಂಗ ಅಂತ ತೋರಸ್ವಾ" ಎಂದರು. ಆಕೆ ಒಂದು ಮದುವೆ ಕಾರ್ಡಿನ ಫ್ಲಾಪಿ ತೆಗೆದುಕೊಂಡು ತೋರಿಸಿದಳು.

ಡಿಸ್ಕ್‌ಕಾಪಿ ಎಂದು ಹೊಡೆದರೆ ಕಂಪ್ಯೂಟರು ಕೇಳುತ್ತದೆ: ಮೂಲ ಹಾಕು. ಹಾಕಿದರೆ ಸ್ವಲ್ಪ ಓದಿಕೊಳ್ಳುತ್ತದೆ. ಆಮೇಲೆ ಹೇಳುತ್ತದೆ: ಅದನ್ನು ತೆಗೆ, ನಕಲಿನದ್ದು ಹಾಕು. ಹಾಕಿದರೆ ಅಷ್ಟನ್ನು ಬರೆಯುತ್ತದೆ. ಮತ್ತೆ ಮೂಲ, ಮತ್ತೆ ನಕಲು. ನಮ್ಮ ಕಂಪ್ಯೂಟರಿಗೆ ಬಾಯಿ ಒಂದೇ ಇರುವುದರಿಂದ ಹೀಗೆ ಮೂರು ತುತ್ತಿನಲ್ಲಿ ಮುಗಿಯುತ್ತದೆ.

"ಇದರಾಗ ಒಂದ ಅಂಜಿಕಿ ಐತ್ರಿ ಮಾವಾರ" ಎಂದಳು. "ಮೂಲ ಕೇಳಿದಾಗ ಖಾಲಿದು ಹಾಕಿ, ಖಾಲಿದು ಕೇಳಿದಾಗ ಮೂಲ ಹಾಕಿದ್ರ, ಮೂಲಾನ ಅಳಿಸಿ ಖಾಲಿ ಮಾಡತೈತಿ. ಅದು ಕೇಳೂದಿಲ್ಲ, ಹೇಳೂದಿಲ್ಲ."

"ಮತ್ತ ಅದಕ್ಕೇನ ಮಾಡೂದು?"

ಆಕೆ ಪರ್ಸಿನಿಂದ ಟಿಕಳಿಯ ಹಾಳೆ ತೆಗೆದಳು! ಹಣೆಗೆ ಹಚ್ಚುವ ಕೆಂಪು, ದೊಡ್ಡ ಟಿಕಳಿ. ಫ್ಲಾಪಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಅದರ ಮೇಲೆ ಟಿಕಳಿ ಮಡಚಿ ಹಚ್ಚಿದಳು. ಆ ಕಚ್ಚು ಮುಚ್ಚಿದರೆ ಅದರ ಮೇಲೆ ಏನನ್ನೂ ಬರೆಯುವುದಕ್ಕಾಗದಂತೆ. ಅದಕ್ಕೆಂದು ಬರುವ ಪಟ್ಟಿ ಕಳೆದುಹೋಗಿದ್ದರೆ ಟಿಕಳಿ ಸಾಕಂತೆ. ಮಾವನವರು ಹೊಟ್ಟೆ ಹಿಡಿದು ನಕ್ಕರು. "ಶ್ಯಾಣ್ಯಾಕಿ ಇದ್ದೀವಾ! ಹಣಿಮ್ಯಾಲ ಟಿಕಳಿ ಇದ್ದದ್ದು ಹಿರೇದು, ಮೂಲ, ಅಂತ ತಿಳಕೊಂಡ್ರ ಆತು" ಎಂದರು. ಎರಡು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಶ್ಯಾಣ್ಯಾಕಿ ಎಂದಿಲ್ಲ. ಜಯಮಾಲಾ, ಆತೇನು? ಜಯಮಾಲಾ, ಯಾವಾಗ ಆಗತೈತಿ? ಅಷ್ಟೇ.

ಫೋನ್ ಪುಸ್ತಕದ ನಕಲು ಮಾಡುವುದಕ್ಕೆ ಬೇರೆ ಖಾಲಿ ಫ್ಲಾಪಿ ಇರಲಿಲ್ಲ. ವಿಜಾಪುರದಿಂದ ತರಿಸುತ್ತಾರಂತೆ. ಆದರೂ ನನ್ನ ಮೂರಕ್ಕೂ ಟಿಕಳಿ ಹಚ್ಚಿಯೇ ಹೋದಳು.

ಆಗಸ್ಟ್ 29

ದೇವಣಗಾಂವದ ಎಂಬತ್ತು ನಂಬರು ಹೊಡೆದು ಉಳಿಸಲು ಹೋದರೆ, ಬರೆಯಲಾಗುವುದಿಲ್ಲ ಎಂದಿತು. ನನ್ನ ಫ್ಲಾಪಿಯೇ ನನ್ನನ್ನು ಒಳಗೆ ಬಿಡಲಿಲ್ಲ. ಮೂರರ ಟಿಕಳಿಯನ್ನೂ ಕಿತ್ತು ಗೋಡೆಗೆ ಹಚ್ಚಿದೆ.

ಸೆಪ್ಟೆಂಬರ್ 15

ಟೈಪು ಮುಗಿಯಿತು. ಎರಡನೆಯ ಫ್ಲಾಪಿಯಲ್ಲಿ ಕನ್ನೊಳ್ಳಿಯಿಂದ ಹಿಡಿದು ದೇವಣಗಾಂವದವರೆಗೆ ಹಳ್ಳಿಗಳೆಲ್ಲ ಸಾಲಾಗಿ ಕೂತಿವೆ, ಒಂಬೈನೂರ ನಲವತ್ತು ನಂಬರು. ಹಳ್ಳಿಗಳಿಂದ ನಂಬರು ಬರೆದು ತಂದ ಚೀಟಿಗಳನ್ನು, ಹೊಡೆದಾದ ಆಯಾ ದಿನವೇ ಅತ್ತೆ ಬಚ್ಚಲ ಒಲೆಗೆ ಒಯ್ಯುತ್ತಿದ್ದರು, ಕೊನೆಯ ಕಟ್ಟನ್ನೂ ಒಯ್ದರು.

ಯಾರೂ ಶಾಭಾಸ್ ಅನ್ನಲಿಲ್ಲ. ಸಂಜೆ ಆಕೆ ಗೋಡೆಯ ಟಿಕಳಿ ನೋಡಿದಳು. ಮೂರು ಹೊಸ ಟಿಕಳಿ ತೆಗೆದು ಮತ್ತೆ ಹಚ್ಚಿದಳು. "ಇನ್ನ ಬರಿಯೂದಿಲ್ಲಲ್ರಿ ಅಕ್ಕಾರ" ಎಂದು ನಕ್ಕಳು. ಆ ನಗೆ ಕಂಡರೆ ನನಗಾಗದು. ಅತ್ತೆ ಬಾಳಮ್ಮನವರು ಇಬ್ಬರು ಸೊಸೆಯರಿಗೂ ಒಂದೇ ಥರದ ಇಳಕಲ್ಲ ಸೀರೆ ತಂದಿದ್ದಾರೆ. ಆಕೆಯದರ ಸೆರಗು ನನ್ನದಕ್ಕಿಂತ ಕೆಂಪಗಿದೆ. ಬಿಸಿಲಿಗೆ ಹಿಡಿದು ನೋಡಿದ್ದೇನೆ.

ಸೆಪ್ಟೆಂಬರ್ 19

ಈ ವಹಿಯನ್ನು ಯಾರೂ ಓದುವುದಿಲ್ಲ. ಟ್ರಂಕಿನ ತಳದಲ್ಲಿರುತ್ತದೆ. ಆದ್ದರಿಂದ ಬರೆಯುತ್ತೇನೆ.

ನಿನ್ನೆ ವಿಜಾಪುರದಿಂದ ಹೊಸ ಫ್ಲಾಪಿ ಬಂದವು. ಇವತ್ತು ಆಕೆ ಮೈದುನನ ಜೊತೆ ಇಂಡಿಗೆ ಹೋಗಿದ್ದಳು. ಬಂದ ಮೇಲೆ ನಕಲು ಮಾಡೋಣ ಎಂದು ಮಾವನವರು ಹೇಳಿದ್ದರು. ಆಕೆ ಬರುವುದರೊಳಗೆ ನಾನೇ ಮಾಡಿ ಇಟ್ಟರೆ? ನನಗೇನು ಬರುವುದಿಲ್ಲವೇ? ಅವತ್ತು ಆಕೆಯ ಬೆನ್ನ ಹಿಂದೆ ನಿಂತು ಮೂರು ತುತ್ತನ್ನೂ ನೋಡಿದ್ದೇನೆ.

ಮೊದಲು ಮೂರೂ ಟಿಕಳಿ ಕಿತ್ತೆ. ನನ್ನ ಫ್ಲಾಪಿಗಳ ಹಣೆಯ ಮೇಲೆ ಆಕೆಯ ಗುರುತು ಯಾಕೆ ಬೇಕು? ಒಂದನೆಯದು ಸರಿಯಾಗಿ ಆಯಿತು. ಎರಡನೆಯದಕ್ಕೆ ಡಿಸ್ಕ್‌ಕಾಪಿ ಹೊಡೆದೆ. ಅದೇ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಅತ್ತೆ ಪಕ್ಕದ ಮನೆಯ ತಿಪ್ಪವ್ವನ ಮುಂದೆ, "ಸಣ್ಣಾಕಿ ಬಂದ ಮ್ಯಾಲ ನೋಡವ್ವ, ಪ್ರೆಸ್ಸಿಗೆ ಒಂದು ಕಳೆ ಬಂತು" ಎಂದದ್ದು ಕಿವಿಗೆ ಬಿತ್ತು. ನನ್ನ ಗಮನವೆಲ್ಲ ಆ ಬಾಗಿಲ ಕಡೆಗೆ. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಒಂದು ಹಾಕಿದೆ, ತೆಗೆದೆ, ಇನ್ನೊಂದು ಹಾಕಿದೆ.

ಎರಡನೆಯ ಸಲ 'ಮೂಲ ಹಾಕು' ಎಂದಾಗ ಕೈಯಲ್ಲಿದ್ದುದನ್ನು ನೋಡಿದರೆ ಅದಕ್ಕೆ ಚೀಟಿಯೇ ಇಲ್ಲ. ನಾನು 'ಹಳ್ಳಿಗಳು' ಎಂದು ಬರೆದು ಅಂಟಿಸಿದ್ದು ಯಂತ್ರದ ಬಾಯೊಳಗಿತ್ತು. ತಕ್ಷಣ ನಿಲ್ಲಿಸಿದೆ. ಒಳಗೇನಿದೆ ಎಂದು ಕೇಳಿದರೆ, ಏನೂ ಇಲ್ಲ ಎಂದಿತು. ಖಾಲಿ. ಒಂಬೈನೂರ ನಲವತ್ತು ಮನೆ ಖಾಲಿ.

ಟಿಕಳಿ ಇದ್ದಿದ್ದರೆ ಯಂತ್ರವೇ ಬೇಡ ಎನ್ನುತ್ತಿತ್ತು.

ಡಬ್ಬಿಯಲ್ಲಿಟ್ಟು ಕೀಲಿ ಹಾಕಿದೆ.

ಸೆಪ್ಟೆಂಬರ್ 20

ಮಾವನವರು ಹಳ್ಳಿಗಳ ಹಾಳೆ ತೆಗೆಯಲು ಹೇಳಿದರು. ಫ್ಲಾಪಿ ಹಾಕಿದೆ. ಏನೂ ಇಲ್ಲ. "ಅಯ್ಯ, ಇದ್ಯಾಕ ಹಿಂಗ?" ಎಂದೆ. ನನ್ನ ಬಾಯಿ ಎಷ್ಟು ಚೆನ್ನಾಗಿ ನಾಟಕ ಆಡಿತು!

ಮಾವನವರು ಫ್ಲಾಪಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅಂಚಿನಲ್ಲಿ ಟಿಕಳಿಯ ಅಂಟು ಉಳಿದಿತ್ತು. "ಅಂಟು! ಅಂಟು ಒಳಗ ಇಳದೈತಿ! ಕಂಪ್ಯೂಟರಿಗೆ ಟಿಕಳಿ ಹಚ್ತಾರೇನವಾ ಯಾರರೆ?" ಎಂದು ಆಕೆಯ ಮೇಲೆ ಹರಿಹಾಯ್ದರು. ತಾವೇ ನಕ್ಕಿದ್ದು ಮರೆತಿದ್ದರು. ಅತ್ತೆಯೂ ಸೇರಿಕೊಂಡರು. "ನಾ ಅವತ್ತ ಅನ್ನಾಕಿ ಇದ್ದೆ, ಇದು ಛಲೋ ಅಲ್ಲ ಅಂತ." ನಿನ್ನೆ ಪ್ರೆಸ್ಸಿಗೆ ಕಳೆ ಬಂದಿತ್ತು, ಇವತ್ತು ಹೋಯಿತು.

ಆಕೆ ಫ್ಲಾಪಿ ನೋಡಿದಳು. ಟಿಕಳಿ ಇಲ್ಲದ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಆಮೇಲೆ ನನ್ನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ಸೊಂಟದ ಕೀಲಿಗೆ ಹೋಯಿತು. ಆಕೆ ಫ್ಲಾಪಿಯನ್ನು ಮೇಜಿನ ಮೇಲಿಟ್ಟಳು.

"ನಾಳಿಂದ ಪ್ರೆಸ್ಸಿಗೆ ಬರಬ್ಯಾಡ. ಒಳಗ ಅತ್ತಿ ಕೈಯಾಗ ಇರು" ಎಂದರು ಮಾವನವರು. ನನ್ನ ಕಡೆ ತಿರುಗಿ, "ಆ ಅಪಶಕುನ ಒಲಿಗೆ ಹಾಕು. ಹಳ್ಳಿಗೆಲ್ಲ ಹೋಗಿ ಮತ್ತ ಬರಕೊಂಡ ಬರಬೇಕು. ದಸರಾಕ್ಕ ಆಗೂದಿಲ್ಲ, ಊರಾಗ ಮಾರಿ ಹೆಂಗ ತೋರಸ್ಲಿ?" ಎಂದರು.

ಬೇಡಿದ್ದೆಲ್ಲ ಸಿಕ್ಕಿತು. ಪಕ್ಕದ ಕುರ್ಚಿ ಖಾಲಿಯಾಯಿತು.

ಸೆಪ್ಟೆಂಬರ್ 21

ಫ್ಲಾಪಿ ಒಲೆಗೆ ಹಾಕಲಿಲ್ಲ. ನೀರು ಕಾಯಿಸುವಾಗ ಕೈಯಲ್ಲಿ ಹಿಡಿದಿದ್ದೆ. ನಾಳೆ ಹಾಕುತ್ತೇನೆ.

ಸೆಪ್ಟೆಂಬರ್ 22

ಹಾಕಲಿಲ್ಲ.

ಸೆಪ್ಟೆಂಬರ್ 23

ಮುಂಜಾನೆ ಅಡುಗೆಮನೆಯಲ್ಲಿ ಆಕೆ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ರೊಟ್ಟಿ ದುಂಡಗೆ ಬರುವುದಿಲ್ಲ, ಅಂಚು ಒಡೆಯುತ್ತದೆ. ಅದೊಂದರಲ್ಲಿ ನಾನೇ ಮೇಲು. ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ. ತಲೆ ಎತ್ತದೆ ಕೇಳಿದಳು:

"ಅಕ್ಕಾರ, ಆ ಫ್ಲಾಪಿ ಒಲಿಗೆ ಹಾಕಿದ್ರೇನ್ರಿ?"

"ಯಾಕ?"

"ಹಾಕಿರಲಿಕ್ಕಂದ್ರ ಹಾಕಬ್ಯಾಡ್ರಿ. ಅಂಟಿನಿಂದ ಹಂಗ ಆಗೂದಿಲ್ರಿ. ಯಾರೋ ಅದಲು ಬದಲು ಹಾಕ್ಯಾರ." ಹಿಟ್ಟಿನ ಕೈ ತೆಗೆದು ನನ್ನತ್ತ ನೋಡಿದಳು. "ಮೂರೂ ಸಲ ಆಗಿದ್ರ ಪೂರಾ ಹೋತು, ಒಲಿಗೇ ಹಾಕ್ರಿ. ಆದ್ರ ಒಂದ ಸಲಕ್ಕ ನಿಲ್ಲಿಸಿದ್ರ, ಉಳಿದ ಎರಡು ಪಾಲು ಇನ್ನೂ ಅದರಾಗ ಐತ್ರಿ. ಕಾಣಸೂದಿಲ್ಲ ಅಷ್ಟ. ಯಾರು ಅಂತ ನನಗ ಬ್ಯಾಡ್ರಿ. ಎಷ್ಟನೇ ಸಲಕ್ಕ ನಿಂತ್ರು, ಅಷ್ಟ ಗೊತ್ತಾಗಬೇಕಿತ್ತು."

ಕಾವಲಿಯ ಮೇಲಿನ ರೊಟ್ಟಿ ಹೊತ್ತಿತು. ನಾನು ನೀರು ಕುಡಿಯದೆ ಹೊರಗೆ ಬಂದೆ.

ಎಂಥ ಬೆರಕಿ ಹೆಣ್ಣು! ಯಾರು ಅಂತ ಬೇಡವಂತೆ. ಬೇಡದಿದ್ದರೆ ನನ್ನ ಮುಖವನ್ನೇ ಯಾಕೆ ನೋಡಬೇಕು? ಒಲೆಗೆ ಹಾಕಿದರೆ ನಾನು ಉಳಿಯುತ್ತೇನೆ, ಜೀವನಪೂರ್ತಿ ಯಾರಿಗೂ ಗೊತ್ತಾಗುವುದಿಲ್ಲ. ಹಾಕದಿದ್ದರೆ ದೇವಣಗಾಂವ ಉಳಿಯುತ್ತದೆ. ಆ ಎಂಬತ್ತು ನಂಬರನ್ನು ಜ್ವರದಲ್ಲಿ ಕೂತು ಹೊಡೆದಿದ್ದೆ. ಅವು ಒಳಗೇ ಇವೆ ಎನ್ನುತ್ತಾಳೆ. ಕಾಣಿಸುವುದಿಲ್ಲ ಅಷ್ಟೇ.

ಸೆಪ್ಟೆಂಬರ್ 24

ಹೇಳಿಬಿಟ್ಟೆ. ಎಲ್ಲರೂ ಊಟಕ್ಕೆ ಕೂತಾಗ. ಮಾವನವರ ತಾಟಿಗೆ ಪಲ್ಯ ಹಾಕುತ್ತಿದ್ದೆ.

"ಮಾವಾರ, ಫ್ಲಾಪಿ ನಾ ಅಳಿಸೀನ್ರಿ. ವಿಜಯಶ್ರೀದು ಏನೂ ತಪ್ಪಿಲ್ಲ. ಟಿಕಳಿ ಕಿತ್ತಾಕಿ ನಾನ. ಮೊದಲನೇ ಸಲ ಮುಗಿದು ಎರಡನೇದ್ದಕ್ಕ ನಿಲ್ಲಿಸೀನಿ. ಒಲಿಗೆ ಹಾಕಿಲ್ಲ, ಟ್ರಂಕಿನಾಗ ಐತಿ."

ಯಾರೂ ಉಣ್ಣಲಿಲ್ಲ. ಅತ್ತೆ, "ಅಯ್ಯ ನಮ್ಮವ್ವ, ಹೊಟ್ಟಿಕಿಚ್ಚಿಗೆ ಮನಿ ಸುಡತಾರೇನ" ಎಂದರು. ನನ್ನ ಗಂಡ ಶ್ರೀಶೈಲ ತಾಟು ನೋಡುತ್ತ ಕೂತ. ಮಾವನವರು ಎಡಗೈ ಚಾಚಿದರು. "ಡಬ್ಬಿ ಕೀಲಿ ತಾ."

ದಾರ ಬಿಚ್ಚುವುದಕ್ಕೆ ಬರಲಿಲ್ಲ, ಗಂಟು ಬಿಗಿದಿತ್ತು. ಎಲ್ಲರ ಎದುರಿಗೆ ಹಲ್ಲಿನಿಂದ ಬಿಚ್ಚಿ ಕೊಟ್ಟೆ. ಅವರು ಅದನ್ನು ವಿಜಯಶ್ರೀಯ ಕೈಗೆ ಹಾಕಿದರು. ಆಕೆ ತಲೆ ಬಗ್ಗಿಸಿದಳು. ಸಂತೋಷಪಟ್ಟಿರಬೇಕು. ನಾನಾಗಿದ್ದರೆ ಪಡುತ್ತಿದ್ದೆ.

ಸೊಂಟ ಹಗುರವಾಗಿ, ಮೈಮೇಲೆ ಏನೋ ಇಲ್ಲದಂತಿದೆ. ನಿದ್ದೆಯಲ್ಲೂ ಅದೇ ಕಡೆಗೆ ಕೈ ಹೋಗುತ್ತದೆ.

ಸೆಪ್ಟೆಂಬರ್ 26

ಎರಡು ದಿನದ್ದನ್ನು ಒಟ್ಟಿಗೆ ಬರೆಯುತ್ತಿದ್ದೇನೆ, ಪುರಸೊತ್ತೇ ಆಗಲಿಲ್ಲ.

ನಿನ್ನೆ ಆಕೆ ಬಂದು, "ಬರ್ರಿ ಅಕ್ಕಾರ" ಎಂದು ಕೈ ಹಿಡಿದು ಎಳೆದಳು. ನಾನು ಬರುವುದಿಲ್ಲ ಎಂದೆ. "ನೀವು ಬರಲಿಲ್ಲಂದ್ರ ನನಗ ಆಗೂದಿಲ್ರಿ" ಎಂದಳು. ಅಣಕ ಎಂದುಕೊಂಡೆ. ಅಣಕವಾಗಿರಲಿಲ್ಲ.

ಮೊದಲು ಆ ಕೆಟ್ಟ ಫ್ಲಾಪಿಗೆ ಟಿಕಳಿ ಹಚ್ಚಿದಳು. ಆಮೇಲೆ ಅದರದೇ ನಕಲು ಮಾಡಿದಳು. "ಕೆಟ್ಟದ್ದಕ್ಕ್ಯಾಕ ನಕಲು?" ಎಂದೆ. "ರಿಪೇರಿ ಮಾಡಾಕ ಹೋಗಿ ಉಳಿದದ್ದೂ ಹೋದ್ರ? ಕತ್ತರಿ ಆಡಿಸೂದು ಯಾವಾಗಲೂ ನಕಲಿನ ಮ್ಯಾಲ್ರಿ." ಎರಡನ್ನೂ ಹೋಲಿಸಿ ನೋಡು ಎಂದು ಕಂಪ್ಯೂಟರಿಗೆ ಹೇಳಿದಳು. ಎರಡೂ ಒಂದೇ ಎಂದಿತು. ಆಗ ಮೂಲವನ್ನು ತೆಗೆದು ಡಬ್ಬಿಯಲ್ಲಿಟ್ಟಳು.

ನಕಲಿನ ಒಂದೊಂದೇ ತುಂಡನ್ನು ಕರಿ ಪರದೆಯ ಮೇಲೆ ತೆಗೆದಳು. ಕನ್ನಡವೆಲ್ಲ ಕೋಳಿ ಕೆದರಿದ ತಿಪ್ಪೆಯಂತೆ ಕಂಡಿತು, ಒಂದಕ್ಷರ ತಿಳಿಯದು. ಆದರೆ ನಡುವೆ ನಡುವೆ ನಂಬರುಗಳು ಮಾತ್ರ ಸರಿಯಾಗಿದ್ದವು. "ಇದು ಯಾವ ಊರು, ಎಲ್ಲಿಂದ ಎಲ್ಲಿ ತನಕ, ನನಗೆಂಗ ಗೊತ್ತಾಗಬೇಕ್ರಿ?" ಎಂದು ಕುರ್ಚಿಗೆ ಒರಗಿದಳು.

ನಾನು ನೋಡಿದೆ. "ಎರಡು ನಾಲ್ಕು ಒಂದು ಏಳು ಮೂರು. ಅದು ದೇವಣಗಾಂವದ ಹಿಟ್ಟಿನ ಗಿರಣಿ. ಅಲ್ಲಿಂದ ದೇವಣಗಾಂವ ಸುರು" ಎಂದೆ.

"ಹೆಂಗ ಹೇಳಿದ್ರಿ?"

"ನಾನ ಹೊಡದೀನಲ್ಲ."

ಆಕೆ ಬಾಯಿ ತೆರೆದು ನನ್ನನ್ನೇ ನೋಡಿದಳು. ಮುಂದಿನದು ತೆಗೆದಳು. ಹೇಳಿದೆ. ಅದರ ಮುಂದಿನದು. ಹೇಳಿದೆ. ಬಸ್ ಸ್ಟ್ಯಾಂಡಿನ ಸೋಮನಿಂಗ, ಬಳೆ ಅಂಗಡಿ ಮೆಹರಾಜ, ಎರಡು ಫೋನಿನ ಡಾಕ್ಟರು. ಆರು ನೂರ ಹತ್ತು ನಂಬರು ಎದ್ದು ಬಂದವು. ಕನ್ನೊಳ್ಳಿ ಮತ್ತು ಅದರ ಆಚೀಚಿನ ನಾಲ್ಕು ಹಳ್ಳಿ ಮಾತ್ರ ಹೋಗಿಯೇ ಹೋದವು.

ಮಾವನವರು ಬಾಗಿಲಲ್ಲಿ ನಿಂತಿದ್ದರು. ಆಕೆ ತಿರುಗಿ, "ಮಾವಾರ, ಅಕ್ಕನ ತಲಿಯಾಗ ಒಂದು ನಕಲು ಇತ್ರಿ" ಎಂದಳು. ಅವರು ಒಮ್ಮೆ ಕೆಮ್ಮಿ ಹೋದರು. ಇವತ್ತು ಆಕೆಗೆ ಆಕೆಯ ರೊಟ್ಟಿ ತಿನ್ನಲು ಬಿಡದೆ, ಎರಡು ಬಿಸಿ ರೊಟ್ಟಿ ನಾನೇ ಬಡಿದು ಹಾಕಿದೆ. ಅಂಚು ಒಡೆದ ರೊಟ್ಟಿ ನೋಡಿದರೆ ನನಗೆ ಸಿಟ್ಟು ಬರುತ್ತದೆ, ಅದಕ್ಕೇ.

ಅಕ್ಟೋಬರ್ 5

ಕನ್ನೊಳ್ಳಿ ಇವತ್ತಿಗೆ ಮುಗಿಯಿತು, ಇನ್ನು ನಾಲ್ಕು ಹಳ್ಳಿ. ಮೂರು ದಿನದಿಂದ ಇಬ್ಬರೂ ವಹಿ ಹಿಡಿದು ಬಿಸಿಲಲ್ಲಿ ಮನೆಮನೆ ತಿರುಗಿದೆವು. ಸಿಟ್ಟಿನ ಪರಪ್ಪ ತನ್ನ ಅಡ್ಡಹೆಸರು ಕೇಳಿ ಸಿಟ್ಟಿಗೆದ್ದ. ವಿಜಿ ನಗು ತಡೆಯಲಾರದೆ ಎಮ್ಮೆಯ ಹಿಂದೆ ಅಡಗಿದಳು. ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದಳು. ಭಾರ. ಹೆಗಲು ಇನ್ನೂ ನೋಯುತ್ತಿದೆ.

ಕೀಲಿ ಆಕೆಯ ಸೊಂಟದಲ್ಲಿದೆ, ನನ್ನದೇ ಕರಿ ದಾರದಲ್ಲಿ. ನಿದ್ದೆಯಲ್ಲಿ ಸೆರಗು ಸರಿದಾಗ ಕಂಡಿತು. ಮರೆತಿದ್ದೆ ಎಂದುಕೊಂಡಿದ್ದೆ. ಎಲ್ಲಿ ಮರೆಯುವುದು? ಸೆರಗು ಸರಿಮಾಡಿ ಮುಚ್ಚಿದೆ.

ಅಕ್ಟೋಬರ್ 20, ಖಂಡೆ ಪೂಜೆ

ಪುಸ್ತಕದ ಮೊದಲ ಪ್ರತಿಯನ್ನು ಮಶೀನಿನ ಮುಂದಿಟ್ಟು ಪೂಜೆ ಮಾಡಿದರು. ಅತ್ತೆ ಕಾಯಿ ಒಡೆದು, ನೀರನ್ನು ಮಶೀನಿಗೆ ಚಿಮುಕಿಸಿ, ಹಾಗೆಯೇ ಕಂಪ್ಯೂಟರಿನ ಕಡೆ ಬಂದರು. ಡಬ್ಬಿಯಲ್ಲಿ ಫ್ಲಾಪಿ ಇದ್ದವು, ಮುಚ್ಚಳ ತೆರೆದಿತ್ತು. ನಾನು ಅಡ್ಡ ನಿಂತೆ. "ಅತ್ತಿಯಾರ, ಮೊದಲ ನೋಡ್ರಿ, ಆಮ್ಯಾಲ ಹಾಕ್ರಿ!" ಎಂದೆ. ವಿಜಿ ಯಾಕೋ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನಗುವಂಥದ್ದು ನಾನೇನು ಹೇಳಿದೆ?

ಅಕ್ಟೋಬರ್ 21, ಬನ್ನಿ

ಸಂಜೆ ಎಲ್ಲರೂ ಬನ್ನಿ ಮುಡಿದು ಬಂದರು. ಮಾವನವರು ನನ್ನ ಕೈಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೂಣವಾ" ಎಂದರು. ನಿಂತರು. "ಒಂಬೈನೂರಾ ನಲವತ್ತು ನಂಬರು ಬಾಯಿಪಾಠ! ಶ್ಯಾಣ್ಯಾಕಿ ಬಿಡವಾ ನೀ" ಎಂದು ಹೋದರು. ಒಂಬೈನೂರ ನಲವತ್ತಲ್ಲ, ಆರು ನೂರ ಹತ್ತು. ತಿದ್ದಲಿಲ್ಲ.

ವಿಜಿ ಕೊನೆಗೆ ಬಂದಳು. ಕಾಲು ಮುಟ್ಟಿ, ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟು ಮುಷ್ಟಿ ಮುಚ್ಚಿದಳು. ಎಲೆಯ ಜೊತೆ ಏನೋ ಚುಚ್ಚಿತು. ತೆರೆದು ನೋಡಿದರೆ ಕೀಲಿ.

"ಅಗಸಿ ಮುಂದಿನ ಮಶಾಕಸಾಬನ ಕಡೆ ಇನ್ನೊಂದು ಮಾಡಿಸೀನ್ರಿ ಅಕ್ಕಾರ. ಮಾವಾರನ್ನೂ ಕೇಳೀನಿ. ಒಂದ ಇದ್ರ ಕಳೀತೈತ್ರಿ."

ನಕಲು ಕೀಲಿ ನನಗೆ, ಅಲ್ಲವೇ, ಎಂದುಕೊಂಡೆ. ಆ ಹಬ್ಬದ ಹೊತ್ತಿನಲ್ಲೂ ಹೊಟ್ಟೆಕಿಚ್ಚು ಬಿಡಲಿಲ್ಲ. ಸುಳ್ಳು ಯಾಕೆ ಬರೆಯಲಿ? ಆಕೆ ಹೋದ ಮೇಲೆ ದೀಪದ ಹತ್ತಿರ ಹಿಡಿದು ನೋಡಿದೆ. ಕರಿ ದಾರ. ದಾರದ ತುದಿಯಲ್ಲಿ ನನ್ನ ಹಲ್ಲಿನ ಗುರುತು. ಎರಡು ವರ್ಷ ನನ್ನ ಸೊಂಟಕ್ಕೆ ತಿಕ್ಕಿ ತಿಕ್ಕಿ ಸವೆದ ಕೀಲಿ. ಹೊಸದನ್ನು ತಾನು ಇಟ್ಟುಕೊಂಡಿದ್ದಾಳೆ. ಹಳೆಯದರ ಹಣೆಯ ಮೇಲೆ ಒಂದು ಕೆಂಪು ಟಿಕಳಿ.

ಸೊಟ್ಟಗೆ ಹಚ್ಚಿದ್ದಾಳೆ. ಒಂದು ಕೆಲಸವನ್ನೂ ನೆಟ್ಟಗೆ ಮಾಡಲು ಬರುವುದಿಲ್ಲ ಈ ಹುಡುಗಿಗೆ. ಸರಿ ಮಾಡೋಣವೆಂದು ಉಗುರು ಹಾಕಿದೆ. ಕಿತ್ತುಬಂದೀತೆಂದು ಹಾಗೆಯೇ ಬಿಟ್ಟೆ.